ಕಾಂಟೆಸ್ಸಾಗೆ ಪಥ್ಯ

ನಮ್ಮ ಚಿಕ್ಕಪ್ಪನವರ ಕಾಂಟೆಸ್ಸಾ ಕ್ಲಾಸಿಕ್ ಕಾರನ್ನು ಯಾರಾದರೂ ಬಾಯಿತಪ್ಪಿ ‘ಹಳೆಯ ಕಾರು’ ಎಂದರೆ, ಅಂಥವರೊಡನೆ ಅವರು ಮುಂದಿನ ಹಬ್ಬದವರೆಗೆ ಮಾತು ಬಿಡುತ್ತಾರೆ. ಅದು ಪರ್ಫಾರ್ಮೆನ್ಸ್ ಕಾರು ಎಂಬುದು ಅವರ ವಾದ. ವಾದಕ್ಕೆ ಆಧಾರವಿಲ್ಲದಿಲ್ಲ: 1984ರಲ್ಲಿ ಬಂದ ಮೊದಲ ಕಾಂಟೆಸ್ಸಾಗೆ ಅಂಬಾಸಿಡರ್‌ನ 1489 ಸಿ.ಸಿ. ಇಂಜಿನ್ನನ್ನೇ ಕೂರಿಸಿದ್ದರಿಂದ ಆ ಭಾರೀ ಮೈಯನ್ನು ಎಳೆಯಲು ಸುಮಾರು 50 ಅಶ್ವಶಕ್ತಿಯಷ್ಟೇ ಇತ್ತು. ಆಮೇಲೆ ಬಂದ, ಚಿಕ್ಕಪ್ಪನವರ ಕಾರಿನಲ್ಲೂ ಇರುವ, ಜಪಾನಿನ ಇಸುಜುವಿನ 1817 ಸಿ.ಸಿ. ಇಂಜಿನ್ 88 ಅಶ್ವಶಕ್ತಿಯನ್ನೂ ಐದು ಗೇರುಗಳನ್ನೂ ತಂದಿತು. ಇಂದು ತರಕಾರಿ ತರಲು ಹೋಗುವ ಪುಟ್ಟ ಕಾರುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇರುತ್ತದೆಂಬ ಸತ್ಯವನ್ನು ಮಾತ್ರ ಅವರ ಮನೆಯಲ್ಲಿ ಊಟ ಮುಗಿಯುವ ಮೊದಲು ಆಡುವಂತಿಲ್ಲ.

ಈ ಕಾರು ನಂದಿಬೆಟ್ಟ ಹತ್ತುವಾಗ ‘ಟಕಟಕ’ ಎಂದು ನಾಕ್ ಹೊಡೆಯತೊಡಗಿದ್ದೇ ಎಲ್ಲ ಪ್ರಕರಣಗಳಿಗೂ ಮೂಲ. ಪೆಟ್ರೋಲ್ ಬಂಕಿನ ಹುಡುಗ “ನಾರ್ಮಲ್ಲಾ, ಪವರ್ರಾ ಸಾರ್?” ಎಂದು ಕೇಳಿದರೆ ಉಳಿದವರು ಒಂದು ಪದದಲ್ಲಿ ಉತ್ತರಿಸುತ್ತಾರೆ, ಚಿಕ್ಕಪ್ಪನವರು ಕಾರಿನಿಂದ ಇಳಿದು ಚರ್ಚೆಗೆ ನಿಲ್ಲುತ್ತಾರೆ. ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಕಸುವನ್ನು ಅಳೆಯುವುದಿಲ್ಲವೆಂದೂ, ಸಿಲಿಂಡರಿನ ಒತ್ತಡದಲ್ಲಿ ಅದು ತಾನಾಗಿಯೇ ಹೊತ್ತಿಕೊಂಡು ನಾಕ್ ಹೊಡೆಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆಂದೂ, ಇಂಜಿನ್ನು ಬೇಡದ ಆಕ್ಟೇನನ್ನು ಕುಡಿಸಿದರೆ ಹಗುರವಾಗುವುದು ಜೇಬು ಮಾತ್ರವೆಂದೂ ನಾನು ವಿವರಿಸುವಷ್ಟರಲ್ಲಿ ಹಿಂದಿನ ಆಟೋಗಳವರೆಲ್ಲ ಹಾರ್ನ್ ಒತ್ತುತ್ತಿದ್ದರು.

ಇಂಥ ರೋಗಿ ಮನೆಯಲ್ಲಿದ್ದ ಮೇಲೆ ವೈದ್ಯರಿಗೆ ಕೊರತೆಯೇ? ಬೀಗರೊಬ್ಬರು, ತಮ್ಮ ಕಾಲದಲ್ಲಿ ಸ್ಕೂಟರಿಗೆ ಮಾಡುತ್ತಿದ್ದಂತೆ, ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಲು ಹೇಳಿದರು. ಆ ಗುಳಿಗೆಯ ನ್ಯಾಫ್ತಲೀನಿನ ಆಕ್ಟೇನ್ ಬಂಕಿನ ಪೆಟ್ರೋಲಿಗಿಂತ ಹೆಚ್ಚೇನೂ ಇಲ್ಲವಾದ್ದರಿಂದ ನಾಕ್ ಹಾಗೆಯೇ ಉಳಿಯಿತು. ಹೊಸದಾಗಿ ಸೇರಿದ್ದು ವಾಸನೆ. ಆ ವಾರದ ನಿಶ್ಚಿತಾರ್ಥಕ್ಕೆ ಅದೇ ಕಾರಿನಲ್ಲಿ ಹೋದ ನಮ್ಮ ಇಡೀ ಕುಟುಂಬ ಆಗತಾನೇ ಬೀರುವಿನಿಂದ ತೆಗೆದಂತೆ ಘಮಘಮಿಸುತ್ತಿತ್ತು. ವರನ ಕಡೆಯ ಅಜ್ಜಿಯೊಬ್ಬರು ಚಿಕ್ಕಮ್ಮನ ಸೀರೆಯನ್ನು ಮೂಸಿ, “ಬಹಳ ಜೋಪಾನವಾಗಿ ಇಟ್ಟಿದ್ದೀರಿ” ಎಂದು ಮೆಚ್ಚಿಕೊಂಡರು.

ಜಕ್ಕೂರಿನ ಏರೋಡ್ರೋಮಿನಿಂದ ವಿಮಾನದ ಪೆಟ್ರೋಲು ತರಿಸೋಣವೆಂಬ ಸಲಹೆಯೂ ಬಂತು. ಜೆಟ್ ವಿಮಾನಕ್ಕೆ ಹಾಕುವುದು ಸೀಮೆಎಣ್ಣೆಯ ಜಾತಿಯ ಇಂಧನ, ಪುಟ್ಟ ವಿಮಾನಗಳ ಪೆಟ್ರೋಲಿನಲ್ಲಿ ಇಂದಿಗೂ ಸೀಸವಿರುತ್ತದೆ ಎಂದು ನಾನು ಹೇಳಿದ್ದು ದೊಡ್ಡ ಪ್ರಮಾದವಾಯಿತು. ಸೀಸವೆಂಬ ಮಾತು ಕಿವಿಗೆ ಬಿದ್ದದ್ದೇ ತಡ, 2000ದ ಫೆಬ್ರವರಿಯಿಂದ ದೇಶದಾದ್ಯಂತ ಪೆಟ್ರೋಲಿನಲ್ಲಿ ಸೀಸವಿಲ್ಲದಂತಾದದ್ದೇ ತಮ್ಮ ಕಾರು ಸೊರಗಲು ಕಾರಣವೆಂದು ಚಿಕ್ಕಪ್ಪನವರು ತೀರ್ಮಾನಿಸಿ, ಸೀಸದ ಬದಲಿಗೆ ಹಾಕುವ ದ್ರವದ ಬಾಟಲಿಯನ್ನು ತರಿಸಿದರು. ಎರಕದ ಕಬ್ಬಿಣದ ಹೆಡ್ಡಿನಲ್ಲೇ, ಅಂದರೆ ಸಿಲಿಂಡರುಗಳ ಮುಚ್ಚಳದಲ್ಲೇ, ವಾಲ್ವುಗಳು ಕೂರುವ ಸೀಟುಗಳನ್ನು ಕೊರೆದಿರುವ ಹಳೆಯ ಇಂಜಿನ್ನುಗಳಲ್ಲಿ ಸೀಟು ಸವೆಯದಂತೆ ತಡೆಯಲು ಅದರಿಂದ ಪ್ರಯೋಜನವುಂಟು. ಇಸುಜುವಿನದು ಅಲ್ಯೂಮಿನಿಯಂ ಹೆಡ್ಡು, ಸೀಟುಗಳು ಬೇರೆಯಾಗಿ ಕೂರಿಸಿದ ಉಂಗುರಗಳು. ಆ ಔಷಧವು, ಇಲ್ಲದ ರೋಗವನ್ನು ಯಶಸ್ವಿಯಾಗಿ ಗುಣಪಡಿಸಿತು.

ಮುಂದಿನದು ಆಕ್ಟೇನ್ ಬೂಸ್ಟರ್. ಬಾಟಲಿಯ ಮೇಲೆ ‘30 ಪಾಯಿಂಟ್ ಏರಿಕೆ’ ಎಂದು ದಪ್ಪಕ್ಷರದಲ್ಲಿತ್ತು. ಆಗ ಬಂಕಿನ ಸಾದಾ ಪೆಟ್ರೋಲಿನ ಆಕ್ಟೇನ್ ಆಗಿದ್ದ 91ಕ್ಕೆ 30 ಕೂಡಿಸಿ 121 ಎಂದು ಚಿಕ್ಕಪ್ಪನವರು ಲೆಕ್ಕ ಹಾಕಿದರು. ಆ ವ್ಯಾಪಾರದಲ್ಲಿ ಹತ್ತು ಪಾಯಿಂಟ್ ಸೇರಿದರೆ ಆಕ್ಟೇನಿನ ಒಂದು ಸಂಖ್ಯೆ, ಅಂದರೆ ಏರುವುದು ಹೆಚ್ಚೆಂದರೆ ಮೂರು. ಆದರೂ ಅದರಲ್ಲಿದ್ದ ಮ್ಯಾಂಗನೀಸ್ ಸಂಯುಕ್ತ ಸ್ಪಾರ್ಕ್ ಪ್ಲಗ್ಗುಗಳಿಗೆ ಕೆಂಪಗೆ ಬಣ್ಣ ಬಳಿದಾಗ, ಮದ್ದು ನಾಟುತ್ತಿರುವ ಲಕ್ಷಣವಿದೆಂದು ಅವರು ಸಂತೋಷಪಟ್ಟರು.

ಈ ನಡುವೆ ಎಥನಾಲ್ ಬಂತು. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಎಥನಾಲಿನ ಆಕ್ಟೇನ್ ಹೆಚ್ಚಾದ್ದರಿಂದ ನಾಕ್ ವಿಷಯದಲ್ಲಿ ಅದು ಮಿತ್ರನೇ. ಆದರೆ ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಉಬ್ಬಿಸುತ್ತದೆ, ದಶಕಗಳಿಂದ ಟ್ಯಾಂಕಿನ ತಳದಲ್ಲಿ ನೆಮ್ಮದಿಯಾಗಿದ್ದ ಜಿಗುಟನ್ನೂ ತುಕ್ಕನ್ನೂ ಎಬ್ಬಿಸಿ ಫಿಲ್ಟರಿನತ್ತ ಕಳಿಸುತ್ತದೆ. ಹಾಗೆ ಎದ್ದ ಕೊಳೆ ಫಿಲ್ಟರನ್ನು ಪೂರ್ತಿ ಕಟ್ಟಿದ್ದು ಮದ್ದೂರು ದಾಟಿದ ಮೇಲೆ, ಎರಡೂ ಬದಿಗೆ ಕಬ್ಬಿನ ಗದ್ದೆಯಿದ್ದ ಜಾಗದಲ್ಲಿ. ಕಬ್ಬಿನಿಂದ ಎಥನಾಲ್, ಎಥನಾಲಿನಿಂದ ಈ ಗತಿ ಎಂದು ಚಿಕ್ಕಪ್ಪನವರು ರಸ್ತೆಬದಿಯಲ್ಲಿ ಉಪನ್ಯಾಸ ಮಾಡುತ್ತಿದ್ದಾಗ ಗದ್ದೆಯ ಯಜಮಾನರು ಸಾವಧಾನವಾಗಿ ಕೇಳಿ, “ಅಂದ್ರೆ ಗಾಡಿ ನಿಂತಿದ್ದು ನಮ್ಮ ಕಬ್ಬಿಂದ ಅಂತೀರಾ? ನಮ್ಗೆ ಫ್ಯಾಕ್ಟರಿ ಬಾಕಿ ದುಡ್ಡೂ ಅಂಗೇ ನಿಂತೈತೆ ಬುಡಿ” ಎಂದರು.

ಅಂದಿನಿಂದ ಚಿಕ್ಕಪ್ಪನವರು ಲೀಟರಿಗೆ 160 ರೂಪಾಯಿಯ ಆಸುಪಾಸಿನ 100 ಆಕ್ಟೇನ್ ಪೆಟ್ರೋಲಿಗೆ ಬಡ್ತಿ ಪಡೆದರು. ಅದಕ್ಕೂ ಕಾರು ಟಕಟಕ ಎಂದಾಗ, ಚಿಕ್ಕಮ್ಮನ ಒತ್ತಾಯಕ್ಕೆ ಕಲಾಸಿಪಾಳ್ಯದ ವೃದ್ಧ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆವು. ಅವರು ಬಾಟಲಿಗಳ ಇತಿಹಾಸವನ್ನು ಕೇಳಿಸಿಕೊಳ್ಳಲಿಲ್ಲ. ಎಥನಾಲ್ ತಾಳುವ ಪೈಪುಗಳನ್ನು ಹಾಕಿ, ಟೈಮಿಂಗ್ ಲೈಟ್ ಹಿಡಿದು, ಯಾರೋ ಹಿಂದೆ ತೀರಾ ಬೇಗನೆ ಬರುವಂತೆ ಮಾಡಿಟ್ಟಿದ್ದ ಕಿಡಿಯ ಸಮಯವನ್ನು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ತಲೆ ತುಸು ತಿರುಗಿಸಿ ಸರಿಪಡಿಸಿದರು. ಸಾದಾ ಪೆಟ್ರೋಲಿನಲ್ಲೇ ನಾಕ್ ನಿಂತಿತು. ಟೈಮಿಂಗಿಗೆ ಅವರು ಕೇಳಿದ್ದು ಒಂದು ಬೂಸ್ಟರ್ ಬಾಟಲಿಯ ಬೆಲೆಗಿಂತ ಕಡಿಮೆ.

ಇಷ್ಟು ಅಗ್ಗದಲ್ಲಿ ವಾಸಿಯಾಗುವ ಕಾಯಿಲೆ ತಮ್ಮ ಕಾರಿಗೆ ಬಂದಿರಲು ಸಾಧ್ಯವೇ ಇಲ್ಲವೆಂದು ನಂಬಿರುವ ಚಿಕ್ಕಪ್ಪನವರು, ಎರಡನೆಯ ಅಭಿಪ್ರಾಯ ಪಡೆಯಲು ಈ ಭಾನುವಾರ ಕಾರನ್ನು ಇನ್ನೊಬ್ಬ ಮೆಕ್ಯಾನಿಕ್ಕಿಗೆ ತೋರಿಸಲಿದ್ದಾರೆ.