ಬೆಟ್ಟದ ಮೇಲೊಂದು ಆರ್ಕೆಸ್ಟ್ರಾ

ಕುಕ್ಕೆಯಿಂದ ಗಿರಿಗದ್ದೆ, ಅಲ್ಲಿಂದ ಕಲ್ಲು ಮಂಟಪ, ಆಮೇಲೆ ಶೇಷ ಪರ್ವತ. ಮಂಡಿಚಿಪ್ಪು ಸವೆಸಿಕೊಂಡು 1712 ಮೀಟರ್ ಎತ್ತರದ ಕುಮಾರ ಪರ್ವತದ ನೆತ್ತಿ ಮುಟ್ಟಿದ್ದು ಯಾಕೆ? ಬ್ಯಾಗಲ್ಲಿ ಹೊತ್ತು ತಂದಿದ್ದ ದಪ್ಪ ಕಾದಂಬರಿಯ ನಾಲ್ಕು ಪುಟವನ್ನಾದರೂ ಗಾಳಿ ಸದ್ದಲ್ಲಿ ಓದೋಣ ಅಂತ. (ಎರಡು ಲೀಟರ್ ನೀರು ಬಿಟ್ಟು ಪುಸ್ತಕ ತಂದಿದ್ದೆ, ಅದು ನನ್ನ ಕರ್ಮ.)

ಪುಟ ತೆರೆದೆನೋ ಇಲ್ಲವೋ, ಡಬ್ ಡಬ್ ಡಬ್! ಎಂಟು ಜನರ ದಂಡು, ಬ್ಯಾಗಿಗೆ ನೇತುಹಾಕಿದ ಬ್ಲೂಟೂತ್ ಸ್ಪೀಕರ್. ಅಲ್ಲಾ ಸ್ವಾಮಿ, ಡಿಜೆ ಕೇಳೋಕೆ ಗಣೇಶನ ಮೆರವಣಿಗೆ ಸಾಲದೇ? ಇಂಬಳ ರಕ್ತ ಹೀರಿದರೂ ಸದ್ದು ಮಾಡಲ್ಲ ಕಣ್ರೀ!

ಹೋಗಲಿ ಅಂತ ಬಂಡೆ ಬದಲಿಸಿದೆ. ಅಲ್ಲಿಗೂ ಬಂದರು. ಚಿಪ್ಸ್ ಪ್ಯಾಕೆಟ್ ಚರ್ರಂತ ಹರಿಯಿತು, ತಲೆ ಮೇಲೆ ಡ್ರೋನ್ ಗುಂಯ್ಗುಟ್ಟಿತು. "ಸರ್, ಒಂದು ಫೋಟೋ." ಒಂದಲ್ಲ, ಹದಿನೇಳು. "ಓದೋಕೆ ಇಷ್ಟು ದೂರ ಬಂದ್ರಾ?" ಅಂತ ಕನಿಕರ ಬೇರೆ.

ಸಾಕಾಗಿ ಪುಸ್ತಕ ಮುಚ್ಚಿದೆ. ಒಬ್ಬ ಹಲ್ಲು ಕಿರಿಯುತ್ತಾ ಬಂದ: "ಅಣ್ಣಾ, ಪವರ್ ಬ್ಯಾಂಕ್ ಇದ್ಯಾ? ಸ್ಪೀಕರ್ ಚಾರ್ಜ್ ಖಾಲಿ ಆಗ್ತಿದೆ."