ಯುದ್ಧ ಕಂಡ ಅಪ್ಪ ಬೆಳೆದ ಮಕ್ಕಳಿಗೆ ಅದನ್ನು ಹೇಳಬೇಕೆ?

ಪರ: ಹೇಳಲಿ, ಆದರೆ ಹಗಲು ಹೊತ್ತಿನಲ್ಲಿ

1999ರಲ್ಲಿ ಕಾರ್ಗಿಲ್‌ಗೆ ಹೋದಾಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ಆಳಂದ, ಔರಾದ, ಸುರಪುರದ ಕಡೆ ಅಂಥವರ ಮಕ್ಕಳು ದುಡಿಯುವ ವಯಸ್ಸಿಗೆ ಬಂದಿದ್ದಾರೆ. ಅಪ್ಪನ ಯುದ್ಧದ ಬಗ್ಗೆ ಅವರು ಕೇಳಿರುವುದು ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಶಾಲೆಯ ವೇದಿಕೆಯಲ್ಲಿ ಮುಗಿಯುವ ಹತ್ತು ನಿಮಿಷದ ಭಾಷಣ ಮಾತ್ರ. ತೋಲೋಲಿಂಗ್ ಶಿಖರ ಗೆದ್ದದ್ದು ಜೂನ್ 13, ಟೈಗರ್ ಹಿಲ್ ಜುಲೈ 4, ಜೈ ಹಿಂದ್. ಮನೆಯಲ್ಲಿ ಓಡಾಡುವ ಮನುಷ್ಯ ಆ ಭಾಷಣದಲ್ಲಿ ಎಲ್ಲೂ ಇರುವುದಿಲ್ಲ.

ಬೋಫೋರ್ಸ್ ತೋಪಿನ ಮೇಲೆ ಇದ್ದವರನ್ನೇ ತೆಗೆದುಕೊಳ್ಳಿ. ಒಂದು ಶೆಲ್ ಸುಮಾರು 43 ಕಿಲೊ, ಸಿಮೆಂಟ್ ಚೀಲಕ್ಕಿಂತ ತುಸು ಹಗುರ. ಆ ಯುದ್ಧದಲ್ಲಿ ನಮ್ಮ ತೋಪಖಾನೆ ಹಾರಿಸಿದ ಶೆಲ್ಲು, ಬಾಂಬು, ರಾಕೆಟ್ಟು ಸೇರಿ ಸುಮಾರು ಎರಡೂವರೆ ಲಕ್ಷ. ಇಂಥ ಸದ್ದು ಮೊದಲು ತಿನ್ನುವುದು ಕಿವಿಯ 4,000 ಹರ್ಟ್ಸ್ ಸುತ್ತಲಿನ, ಅಂದರೆ ತೆಳು ದನಿ ಹಿಡಿಯುವ ಶಕ್ತಿಯನ್ನು. ದಪ್ಪ ದನಿ ಕೇಳಿಸುತ್ತದೆ. ಸ, ಶ ಜಾರುತ್ತವೆ, ಮೊಮ್ಮಗಳ ಎಳೆ ದನಿ ಜಾರುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಮುಗಿದೇ ಹೋಯಿತು. "ಅಪ್ಪಗ ಸಿಟ್ಟು ಭಾಳ, ಕರದ್ರ ಓ ಅನ್ನಂಗಿಲ್ಲ" ಎಂದು ಮನೆಮಂದಿ ಇಪ್ಪತ್ತು ವರ್ಷ ದೂರುತ್ತಾರೆ. ತೋಪಿನ ಮಾತು ಬಂದಿದ್ದರೆ ಆ ದೂರಿನಲ್ಲಿ ಅರ್ಧ ಅಂದೇ ಕರಗುತ್ತಿತ್ತು.

ಕಾಗದದ ಸಂಗತಿಯೂ ಇದೆ. ಅಂಗವೈಕಲ್ಯ ಪಿಂಚಣಿಗೆ ತೊಂದರೆ ಸಾಮಾನ್ಯವಾಗಿ ಕನಿಷ್ಠ 20 ಪರ್ಸೆಂಟ್ ಇರಬೇಕು, ಸೇವೆಯಿಂದ ಬಂದದ್ದು ಇಲ್ಲವೇ ಸೇವೆಯಲ್ಲಿ ಹೆಚ್ಚಿದ್ದು ಎಂದು ತೋರಿಸಬೇಕು. ಯಾವ ತಿಂಗಳು, ಯಾವ ಯೂನಿಟ್, ಯಾವ ಫೀಲ್ಡ್ ಆಸ್ಪತ್ರೆ ಎಂಬುದು ಅಪ್ಪನ ತಲೆಯಲ್ಲಷ್ಟೇ ಉಳಿದರೆ ಸೇನೆಯ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಬರೆಯಲು ಕೂತ ಮಗನ ಪೆನ್ನು ಮೊದಲ ಸಾಲಿಗೇ ನಿಲ್ಲುತ್ತದೆ.

ಹೇಗೆ ಕೇಳಬೇಕು? ನಮ್ಮ ಕಡೆ ಎಳ್ಳ ಅಮಾವಾಸ್ಯೆಯಂಥ ದಿನ ಇನ್ನೊಂದಿಲ್ಲ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡ ಮೇಲೆ ಬದುವಿನಗುಂಟ ಜೊತೆಗೆ ನಡೆಯುತ್ತಾ ಕೇಳಿ. ಎದುರಾಬದುರು ಕೂತರೆ ಅದು ವಿಚಾರಣೆಯಾಗುತ್ತದೆ. "ಎಷ್ಟು ಮಂದಿಗಿ ಹೊಡದಿ?" ಅನ್ನುವುದು ಬೇಡವೇ ಬೇಡ. "ಊಟಕ್ಕ ಏನ್ ಇರ್ತಿತ್ತು? ಮಲಗೋದು ಎಲ್ಲಿ?" ಅಲ್ಲಿಂದ ಶುರುವಾಗಲಿ. ಕಲ್ಲು ಒಟ್ಟಿ ಮಾಡಿದ ಮರೆಗೋಡೆ ಸಂಗರ್, ಒದ್ದೆ ಸಾಕ್ಸು, ಸ್ಟೋವಿನ ಹೊಗೆ ತಾವಾಗಿ ಬರುತ್ತವೆ. ನಡುವೆ ಹಿಂದಿಗೆ ಹೊರಳಿದರೆ ತಡೆಯಬೇಡಿ, ಯುದ್ಧ ಅವರಿಗೆ ಹಿಂದಿಯಲ್ಲೇ ಆಗಿದೆ. ಒಂದು ಸಲಕ್ಕೆ ಒಂದೇ ಘಟನೆ, ಅರ್ಧ ತಾಸು ಸಾಕು. "ಹೋದೆ, ನೋಡಿದೆ" ಎನ್ನುತ್ತಿದ್ದವರು ಒಮ್ಮೆಲೇ ಈಗಲೇ ನಡೆಯುತ್ತಿರುವಂತೆ "ಬರಾಕತ್ಯಾನ" ಎಂದರೆ, ಕಣ್ಣು ಒಂದೇ ಕಡೆ ನಟ್ಟರೆ, ಕೇಳುವುದನ್ನು ನಿಲ್ಲಿಸಿ. ನೀರು ಕೊಡಿ. ಈ ವರ್ಷ ತೊಗರಿ ಎಷ್ಟು ಎಕರೆ ಎಂದು ಕೇಳಿ. ಕಾಲಡಿಯ ಎರೆ ಮಣ್ಣಿಗೆ ಅವರು ಮರಳಿ ಬರಬೇಕು.

ವಿರೋಧ: ಆ ಕಥೆ ಅವರೊಬ್ಬರದಲ್ಲ

ಕಿವಿಯ ಮಾತು ನಿಜ. ಆದರೆ ಅದಕ್ಕೆ ಕಿವಿ ಎಷ್ಟು ಕೇಳುತ್ತದೆ ಎಂದು ತೋರಿಸುವ ಆಡಿಯೋಗ್ರಾಮ್ ಸಾಕು, ಯುದ್ಧದ ಕಥೆ ಬೇಕಿಲ್ಲ. ಕಾಗದಕ್ಕೂ ಅಷ್ಟೆ. ತಾರೀಖು, ಯೂನಿಟ್, ಆಸ್ಪತ್ರೆಯ ಹೆಸರನ್ನು ಒಂದು ಹಾಳೆಯಲ್ಲಿ ಬರೆಸಿ ಸೇನೆಯ ಡಿಸ್ಚಾರ್ಜ್ ಬುಕ್ಕಿನಲ್ಲಿ ಇಟ್ಟರಾಯಿತು. ಈ ಎರಡನ್ನು ಮುಂದಿಟ್ಟುಕೊಂಡು ಉಳಿದದ್ದನ್ನೂ ಹೇಳಿಸುವುದು ನ್ಯಾಯವಲ್ಲ.

ಮನೋವೈದ್ಯರು ಯುದ್ಧದ ನೆನಪನ್ನು ಹೇಳಿಸುವಾಗ ಅದಕ್ಕೊಂದು ಕ್ರಮ ಇರುತ್ತದೆ. ಸಾಮಾನ್ಯವಾಗಿ 8ರಿಂದ 15 ಭೇಟಿ, ಪ್ರತಿ ಸಲ 60ರಿಂದ 90 ನಿಮಿಷ. ಮೊದಲು ಉಸಿರಾಟ ಕಲಿಸಿ, ಆಮೇಲೆ ಅದೇ ನೆನಪನ್ನು ಮತ್ತೆ ಮತ್ತೆ ತೆಗೆಸಿ, ಎದ್ದ ಗಾಬರಿ ಇಳಿದ ಮೇಲೆಯೇ ಮನೆಗೆ ಕಳಿಸುತ್ತಾರೆ. ಒಂದೇ ಸಲ ಕೂಡಿಸಿ ಎಲ್ಲ ಹೇಳಿಸುವ ಪದ್ಧತಿಯನ್ನೂ ಜಗತ್ತಿನಲ್ಲಿ ಪರೀಕ್ಷಿಸಿ ನೋಡಲಾಗಿದೆ. ಲಾಭ ಕಾಣಲಿಲ್ಲ, ಕೆಲವರಿಗೆ ಕೆಡುಕೇ ಆಯಿತು. ಹೊಲದ ಬದುವಿನ ಮೇಲೆ ನಡೆಯುವುದು ಇದೇ ಎರಡನೆಯದು. ತೆರೆಯಲು ಮಗನಿಗೆ ಬರುತ್ತದೆ, ಮುಚ್ಚಲು ಬರುವುದಿಲ್ಲ. ಅದೂ ಹಗಲಿನಲ್ಲಿ ಆದರೆ. ನಿಜದಲ್ಲಿ ಇಂಥ ಮಾತು ಹೊರಡುವುದು ಮಿಲಿಟರಿ ಕ್ಯಾಂಟೀನ್ ರಮ್ಮಿನ ಎರಡನೇ ಪೆಗ್ ಆದ ಮೇಲೆ.

ಮುಂದಿನ ಮೂರು ನಾಲ್ಕು ರಾತ್ರಿಯ ಲೆಕ್ಕ ಯಾರು ಇಡುತ್ತಾರೆ? ಕೇಳಿದವರು ಬೆಂಗಳೂರಿಗೋ ಪುಣೆಗೋ ಬಸ್ ಹತ್ತಿರುತ್ತಾರೆ. ಎರಡು ಗಂಟೆಗೆ ಬೆವೆತು ಎದ್ದು ಕೂತವರ ಪಕ್ಕದಲ್ಲಿ ಇರುವವಳು ಹೆಂಡತಿ. ಶಹಾಬಾದ, ವಾಡಿ ಕಡೆ ಕಲ್ಲಿನ ಗಣಿಯಲ್ಲಿ ಬ್ಲಾಸ್ಟಿಂಗ್ ಆದಾಗ, ಬೀದರಿನ ಮೇಲೆ ವಾಯುಪಡೆಯ ಹಾಕ್ ವಿಮಾನ ಹಾದಾಗ ಅವರು ಬೆಚ್ಚುವುದನ್ನು ನೋಡಿ ಸಂಭಾಳಿಸಿದವಳೂ ಅವಳೇ. ಅವಳನ್ನು ಕೇಳದೆ ಆ ಬಾಗಿಲು ತೆರೆಯುವ ಹಕ್ಕು ಮಕ್ಕಳಿಗೆ ಎಲ್ಲಿಂದ ಬಂತು?

ಇನ್ನು ಸತ್ತ ಜೊತೆಗಾರ. ಅವನ ಮನೆಯವರಿಗೆ "ತಕ್ಷಣ ಜೀವ ಹೋಯಿತು, ನೋವಾಗಲಿಲ್ಲ" ಎಂದು ಹೇಳಿರುತ್ತಾರೆ. ಹಾಗಾಗಿರಲಿಲ್ಲ ಎಂಬುದು ಪಕ್ಕದಲ್ಲಿದ್ದವನಿಗೆ ಗೊತ್ತು. ಮಗ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೆಮ್ಮೆಯಿಂದಲೇ, ಗ್ರೂಪಿಗೆ ಹಾಕುತ್ತಾನೆ. ಬೇರೆ ಊರಿನಲ್ಲಿರುವ ಆ ವಿಧವೆಯ ಕೈಗೆ ಅದು ಸೇರಲು ಎಷ್ಟು ಹೊತ್ತು? 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ ಎಂಬುದು ಬೇರೆ ಮಾತು.

1987ರಿಂದ 1990ರವರೆಗೆ ಶ್ರೀಲಂಕೆಯಲ್ಲಿದ್ದ ಭಾರತದ ಶಾಂತಿಪಾಲನಾ ಪಡೆಯವರದು ಇನ್ನೂ ಬಿಗಿ. 1,100ಕ್ಕೂ ಹೆಚ್ಚು ಸೈನಿಕರು ಅಲ್ಲಿ ಸತ್ತರು. ಎದುರಿಗಿದ್ದವನು ಹೋರಾಟಗಾರನೋ ಹಳ್ಳಿಯವನೋ ಗೊತ್ತಾಗದ ಯುದ್ಧ ಅದು. ಅಲ್ಲಿ ತೆಗೆದುಕೊಂಡ ಅರೆಗಳಿಗೆಯ ತೀರ್ಮಾನವನ್ನು ಮೂವತ್ತು ವರ್ಷದ ಮಗಳ ಮುಂದೆ ಇಟ್ಟರೆ ಅವಳಿಗೆ ಮಾಡಲು ಏನು ಉಳಿಯುತ್ತದೆ, ಕ್ಷಮಿಸುವುದೋ ತೀರ್ಪು ಕೊಡುವುದೋ? ಅದನ್ನು ಹೇಳಿಕೊಳ್ಳಲು ಅದೇ ಯೂನಿಟ್ಟಿನ ಗೆಳೆಯರಿದ್ದಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಡುರಾತ್ರಿಯೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

ಮಕ್ಕಳು ಕಲಿಯಬೇಕಾದದ್ದು ಬೇರೆ ಇದೆ. ನಿದ್ದೆಯಲ್ಲಿ ಚೀರಿದವರನ್ನು ಹೆಗಲು ಹಿಡಿದು ಅಲುಗಿಸಬಾರದು, ಎಚ್ಚರಾಗುವ ಮೊದಲೇ ಕೈ ಬೀಸಿಬಿಡುತ್ತಾರೆ. ಲೈಟ್ ಹಾಕಿ, ಮಂಚದ ಕಾಲ ದೆಸೆಗೆ ಎರಡು ಹೆಜ್ಜೆ ದೂರ ನಿಂತು, "ಅಪ್ಪಾ, ನಾನು. ಮನ್ಯಾಗಿದ್ದಿ, ಕಲಬುರಗ್ಯಾಗ" ಎಂದು ಕಣ್ಣು ಬಿಡುವವರೆಗೆ ಅನ್ನುತ್ತಿರಬೇಕು.