ನಕಲು ಹೊಡೆದವನು ಕರಿಕೋಟು ಹಾಕಬಹುದೇ?

ಅಮೆರಿಕದಲ್ಲಿ ವಕೀಲನಾಗಲು ಪರೀಕ್ಷೆ ಪಾಸಾದರೆ ಮುಗಿಯುವುದಿಲ್ಲ. ನಡತೆಯ ವಿಚಾರಣೆಯೂ ಇರುತ್ತದೆ. ಕಾಲೇಜಿನಲ್ಲಿ ನಿನ್ನ ಮೇಲೆ ಶಿಸ್ತುಕ್ರಮ ಆಗಿತ್ತಾ, ಬೇರೆಯವರ ಬರಹ ಕದ್ದು ಸಿಕ್ಕಿಬಿದ್ದಿದ್ದೆಯಾ ಅಂತೆಲ್ಲ ಕೇಳುತ್ತಾರೆ. ನಾನಿರುವ ಮಿನ್ನೆಸೋಟಾ ರಾಜ್ಯದಲ್ಲೂ ಇದೇ ಪದ್ಧತಿ. ನಾನು ವಕೀಲನಲ್ಲ. ಆದರೂ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಅದಕ್ಕೆ ಕಾರಣ ಗಂಗಾವತಿಯಲ್ಲಿರುವ ನಮ್ಮ ಅಣ್ಣನ ಮಗ.

ಬಿಎ ಓದುವಾಗ ಅವನು ಚೀಟಿ ಇಟ್ಟುಕೊಂಡು ಸ್ಕ್ವಾಡ್ ಕೈಗೆ ಸಿಕ್ಕಿಬಿದ್ದಿದ್ದ. ಆ ಸಲದ ಪರೀಕ್ಷೆ ಪೂರ್ತಿ ರದ್ದಾಯಿತು. ಮತ್ತೆ ಕೂತು ಓದಿ ಪಾಸಾದ. ಬಳ್ಳಾರಿಯಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿದ. ಈಗ ವಕೀಲನಾಗಿ ಹೆಸರು ನೋಂದಾಯಿಸುವ ಹೊತ್ತು. ಮೊನ್ನೆ ಫೋನಿನಲ್ಲಿ ಕೇಳಿದ: "ಕಾಕಾ, ಆ ಹಳೇದನ್ನ ಯಾರೂ ಕೇಳಂಗಿಲ್ಲ. ನಾನಾಗೇ ಯಾಕ ಹೇಳ್ಬೇಕ್ರಿ?"

ಕಾನೂನು ನೋಡಿದರೆ ಅವನ ಮಾತು ಸರಿ. 1961ರ ವಕೀಲರ ಕಾಯ್ದೆಯ 24ಎ ಸೆಕ್ಷನ್ ನೋಡುವುದು ಮುಖ್ಯವಾಗಿ ಕೋರ್ಟಿನಲ್ಲಿ ಆದ ಶಿಕ್ಷೆಯನ್ನು. ನೀತಿಗೆಟ್ಟ ಅಪರಾಧದಲ್ಲಿ ಶಿಕ್ಷೆಯಾದವನನ್ನು ಸೇರಿಸಿಕೊಳ್ಳುವಂತಿಲ್ಲ. ಅದೂ ಬಿಡುಗಡೆಯಾಗಿ ಎರಡು ವರ್ಷದವರೆಗೆ ಮಾತ್ರ. ವಿಶ್ವವಿದ್ಯಾಲಯ ಡಿಬಾರ್ ಮಾಡಿದ್ದರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.

ಹಾಗಾದರೆ ಅಮೆರಿಕದ ಪದ್ಧತಿಯೇ ಒಳ್ಳೆಯದು ಅಂತ ನಾನು ಹೇಳಬಹುದಿತ್ತು. ಹೇಳಲು ಮನಸ್ಸು ಬರುವುದಿಲ್ಲ. ಯಾಕೆಂದರೆ ನಮ್ಮ ಕಡೆ ನಕಲು ಹೇಗೆ ನಡೆಯುತ್ತದೆ ಅಂತ ನನಗೆ ಗೊತ್ತು.

ಪರೀಕ್ಷೆ ಹತ್ತಿರ ಬಂದರೆ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗೈಡಿನ ಎರಡು ಪುಟ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣದಾಗಿ ಹೊರಬರುತ್ತಿತ್ತು. ಅದಕ್ಕೆ ಮೈಕ್ರೋ ಝೆರಾಕ್ಸ್ ಅಂತಲೇ ಹೆಸರು. ಹುಡುಗರು ಕತ್ತರಿ ಕೇಳಿ ಪಡೆದು ಅಲ್ಲೇ ಕಟ್ಟೆ ಮೇಲೆ ಕೂತು ಅಂಚು ಕತ್ತರಿಸಿ, ಪ್ರಶ್ನೆಯ ಕ್ರಮಕ್ಕೆ ಜೋಡಿಸಿ, ತೋಳಿನ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಿತ್ತು. ಕಾಂಪೌಂಡ್ ಹತ್ತಿ ಕಿಟಕಿಯೊಳಗೆ ಚೀಟಿ ಒಗೆಯುತ್ತಿದ್ದವರು ಅಪ್ಪಂದಿರು, ಅಣ್ಣಂದಿರು. ಶಾಲೆಯ ರಿಸಲ್ಟ್ ಕೆಳಗಿಳಿಯಬಾರದು ಅಂತ ಒಳಗಿನವರೂ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ ಬಂತು. ಹಿಂದಿನ ವರ್ಷ 83.89ರಷ್ಟಿದ್ದ ಶೇಕಡಾವಾರು ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ದೊಡ್ಡವರೇ ಕೂಡಿ ಕಲಿಸಿದ ತಪ್ಪಿಗೆ ಹದಿನಾರು ವರ್ಷದ ಹುಡುಗನ ಹಣೆಗೆ ಜೀವನಪೂರ್ತಿ ಅಳಿಸದ ಮುದ್ರೆ ಹಾಕುವುದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಅದರಲ್ಲೂ ಸ್ಕ್ವಾಡಿಗೆ ಸಿಗುವವನು ಸಾಮಾನ್ಯವಾಗಿ ಯಾರ ಬೆಂಬಲವೂ ಇಲ್ಲದ ಬಡ ಹುಡುಗ, ಅಲ್ವಾ?

ಆದರೆ ಸುಮ್ನೆ ಬಿಟ್ಟರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. 50 ಸಾವಿರಕ್ಕೂ ಹೆಚ್ಚು ಜನ ಬರೆದಿದ್ದರು. ಅದರಲ್ಲಿ ಅಕ್ರಮ ನಡೆದದ್ದು ಹೊರಬಂದು, ಕಲಬುರಗಿಯ ಒಂದು ಕೇಂದ್ರದಿಂದ ಶುರುವಾದ ತನಿಖೆ ಬೆಂಗಳೂರಿನ ತನಕ ಹೋಯಿತು. ಪರೀಕ್ಷೆಯೇ ರದ್ದಾಗಿ, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬಂದು ಬಾಡಿಗೆ ರೂಮಿನಲ್ಲಿ ನಿಯತ್ತಾಗಿ ಓದಿದವರೂ ಎರಡು ವರ್ಷಕ್ಕಿಂತ ಜಾಸ್ತಿ ಕಾದರು. ಅವರ ಮನೆಯವರ ಹೊಟ್ಟೆಯ ಸಂಕಟ ಯಾರಿಗೆ ಬೇಕು? ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇವೆರಡರ ನಡುವೆ ದಾರಿ ಎಲ್ಲಿದೆ? ನನಗೆ ದಾರಿ ತೋರಿಸಿದ್ದು ಮಿನ್ನೆಸೋಟಾದ ಒಂದು ಹಳೆಯ ತೀರ್ಪು. ಕಾನೂನು ವಿದ್ಯಾರ್ಥಿಯೊಬ್ಬ ಪ್ರಬಂಧದ ಎಷ್ಟೋ ಭಾಗವನ್ನು ಬೇರೆ ಕಡೆಯಿಂದ ಎತ್ತಿ ಬರೆದಿದ್ದ. ಸಿಕ್ಕಿಬಿದ್ದ ಕೂಡಲೇ ತಪ್ಪು ಒಪ್ಪಿಕೊಂಡ. ವಕೀಲಿಕೆಯ ಅರ್ಜಿಯಲ್ಲೂ ಮುಚ್ಚಿಡದೆ ಬರೆದ. ವಕೀಲರನ್ನು ಸೇರಿಸಿಕೊಳ್ಳುವ ಮಂಡಳಿ ಅವನನ್ನು ಬೇಡ ಅಂದಿತು. 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸೇರಿಸಿಕೊಳ್ಳಿ ಅಂದಿತು. ಒಂದು ಸಲದ ನಕಲಿನಿಂದಲೇ ಮನುಷ್ಯ ಕೆಟ್ಟವನು ಅಂತ ತೀರ್ಮಾನಿಸಲು ಆಗುವುದಿಲ್ಲ ಅನ್ನುವುದು ಕೋರ್ಟಿನ ನಿಲುವು. ಅವನ ಮಾತನ್ನು ನಂಬಲು ಅವನೇ ಕಾರಣ ಕೊಟ್ಟಿದ್ದ.

ರಾಜಕೀಯದಲ್ಲೂ ನಾನು ಇದೇ ಅಳತೆ ಹಿಡಿಯುತ್ತೇನೆ. ಜೋ ಬೈಡನ್ ಕಾನೂನು ಓದುವಾಗ 1965ರಲ್ಲಿ ಬೇರೆಯವರ ಲೇಖನದ ಐದು ಪುಟ ಬಳಸಿಕೊಂಡು ಫೇಲಾಗಿದ್ದರು. 1987ರಲ್ಲಿ ಅದು ಹೊರಬಂತು. ಭಾಷಣ ಕದ್ದ ಆರೋಪವೂ ಜೊತೆಗಿತ್ತು. ಆ ಸಲ ಅಧ್ಯಕ್ಷ ಸ್ಥಾನದ ಸ್ಪರ್ಧೆಯಿಂದ ಹಿಂದೆ ಸರಿದರು. 2020ರಲ್ಲಿ ಅದೇ ಜನ ಅವರನ್ನು ಗೆಲ್ಲಿಸಿದರು. ಗೊತ್ತಿದ್ದೂ ಓಟು ಹಾಕಿದರೆ ಅದು ಮತದಾರನ ಹಕ್ಕು. ಜರ್ಮನಿಯಲ್ಲಿ ಇನ್ನೊಂದು ರೀತಿ. ರಕ್ಷಣಾ ಸಚಿವ ಗುಟೆನ್‌ಬರ್ಗ್ ಡಾಕ್ಟರೇಟ್ ಪ್ರಬಂಧ ನಕಲು ಮಾಡಿದ ಆರೋಪವನ್ನು ಮೊದಲು ಅಲ್ಲಗಳೆದರು. ಕೊನೆಗೆ ಡಾಕ್ಟರೇಟ್ ಹೋಯಿತು, 2011ರ ಮಾರ್ಚ್‌ನಲ್ಲಿ ಕುರ್ಚಿಯೂ ಹೋಯಿತು.

ನಮ್ಮಲ್ಲಿ ದೆಹಲಿಯ ಕಾನೂನು ಸಚಿವರಾಗಿದ್ದ ಜಿತೇಂದರ್ ಸಿಂಗ್ ತೋಮರ್ 2015ರಲ್ಲಿ ನಕಲಿ ಕಾನೂನು ಪದವಿಯ ಆರೋಪದಲ್ಲಿ ಬಂಧನವಾದರು. ವಿದ್ಯಾರ್ಹತೆ ಬಗ್ಗೆ ಸುಳ್ಳು ಹೇಳಿದ್ದಕ್ಕೆ ಅವರ ಆಯ್ಕೆಯನ್ನು ಹೈಕೋರ್ಟ್ ರದ್ದು ಮಾಡಿದ್ದು 2020ರ ಜನವರಿಯಲ್ಲಿ. ಅಷ್ಟರಲ್ಲಿ ಐದು ವರ್ಷದ ಅವಧಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು! ನಮ್ಮ ದೇಶದಲ್ಲಿ ಶಾಸಕನಾಗಲು ಓದೇ ಬೇಕಿಲ್ಲ. ಓದದವನು ಓದಿಲ್ಲ ಅಂತ ಬರೆದರೆ ಯಾರೂ ತಡೆಯುವುದಿಲ್ಲ. ಹಾಗಿರುವಾಗ ಸುಳ್ಳು ಪದವಿ ಬರೆಯುವುದು ಮತದಾರನಿಗೆ ನೇರವಾಗಿ ಮಾಡುವ ಮೋಸ. ಸುಳ್ಳು ಅಫಿಡವಿಟ್‌ಗೆ ಕಾನೂನಿನಲ್ಲಿರುವ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದು ಏನೇನೂ ಸಾಲದು.

ವಕೀಲನ ವಿಷಯದಲ್ಲಿ ನಾನು ಇನ್ನೂ ಸ್ವಲ್ಪ ಬಿಗಿ. ಶಾಸಕನನ್ನು ಐದು ವರ್ಷಕ್ಕೆ ಜನ ಇಳಿಸಬಹುದು. ಸಿರುಗುಪ್ಪದ ರೈತ ತನ್ನ ಹೊಲದ ಕಾಗದಗಳನ್ನೆಲ್ಲ ವಕೀಲನ ಟೇಬಲ್ ಮೇಲಿಟ್ಟು, ಅವನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬರುತ್ತಾನೆ. ಆ ರೈತನಿಗೆ ಮತ್ತೊಂದು ಅವಕಾಶ ಇರುವುದಿಲ್ಲ. ಹಾಗಾಗಿ ವಕೀಲರ ಹೆಸರು ನೋಂದಾಯಿಸುವ ಬಾರ್ ಕೌನ್ಸಿಲ್ ಬಾಗಿಲಲ್ಲೇ ಕೇಳಬೇಕು. ಪದವಿ ಕಾಲೇಜಿನಿಂದ ಮುಂದಿನದ್ದನ್ನು ಕೇಳಲಿ, ಹತ್ತನೇ ಕ್ಲಾಸಿನದ್ದು ಬೇಡ. ಒಪ್ಪಿಕೊಂಡವನನ್ನು ಸೇರಿಸಿಕೊಳ್ಳಲಿ, ಬೇಕಿದ್ದರೆ ಒಂದೆರಡು ವರ್ಷ ಹಿರಿಯ ವಕೀಲರ ಕೈಕೆಳಗೆ ಇರಿಸಲಿ. ಮುಚ್ಚಿಟ್ಟು ಸೇರಿದವನ ಹೆಸರು ಮಾತ್ರ ಎಷ್ಟು ವರ್ಷ ಕಳೆದರೂ ತೆಗೆಯಲಿ. ಮೋಸದಿಂದ ಸೇರಿದವರ ಹೆಸರು ತೆಗೆಯುವ ಅಧಿಕಾರ ಬಾರ್ ಕೌನ್ಸಿಲ್ ಆಫ್ ಇಂಡಿಯಾಗೆ ಈಗಲೇ ಇದೆ.

ಅಣ್ಣನ ಮಗನಿಗೆ ಇಷ್ಟು ಹೇಳಿದೆ: "ಕೇಳದಿದ್ರ ನೀನಾಗಿ ಡಂಗುರ ಸಾರಬ್ಯಾಡ. ಆದ್ರ ಯಾವ ಸೀನಿಯರ್ ಹತ್ರ ಸೇರ್ತೀಯೋ ಅವರಿಗೆ ಮೊದಲೇ ಹೇಳಿಬಿಡು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಬ್ಯಾಡ ಅಂದ್ರ?" ಅಂದ. ಬೇಡ ಅಂದರೆ ಇನ್ನೊಬ್ಬರ ಹತ್ತಿರ ಹೋಗಿ ಅದನ್ನೇ ಹೇಳಬೇಕು ಅಂದೆ.